ಗುಕೇಶ್ ವಿಶ್ವ ಚಾಂಪಿಯನ್, ಆದರೆ ರಾಷ್ಟ್ರೀಯ ಚಾಂಪಿಯನ್ ಆಗಿಲ್ಲ. ಹಾಗಾದರೆ ಆ ಪಟ್ಟಕ್ಕೆ ಈಗ ಏನು ಬೆಲೆ?

ತುಂಗಾದಂಡೆ (ಶಿವಮೊಗ್ಗ)
ಭಾನುವಾರ ನಮ್ಮ ಕ್ಲಾಸಿಗೆ ಬರುವ ಹುಡುಗರಿಗೆ ಒಂದು ಪ್ರಶ್ನೆ ಹಾಕಿದೆ. 2025ರಲ್ಲಿ ಗುಂಟೂರಿನಲ್ಲಿ ನಡೆದ ರಾಷ್ಟ್ರೀಯ ಚೆಸ್ ಚಾಂಪಿಯನ್‌ಶಿಪ್ ಗೆದ್ದವರು ಯಾರು? ಒಬ್ಬ ಗುಕೇಶ್ ಅಂದ, ಇನ್ನೊಬ್ಬ ಪ್ರಜ್ಞಾನಂದ ಅಂದ, ಮೂರನೆಯವ ಜಾಣತನ ಮಾಡಿ ಆನಂದ್ ಅಂದ. ಗೆದ್ದ ಇನಿಯನ್ ಹೆಸರು ಒಬ್ಬನ ಬಾಯಲ್ಲೂ ಬರಲಿಲ್ಲ. ಕಾರ್ಲ್‌ಸನ್ ಆಡಿದ ಆಟದ ಹದಿನೈದು ನಡೆ ಬಾಯಿಪಾಠ ಒಪ್ಪಿಸುವ ಹುಡುಗರು ಇವರು.

ಆಮೇಲೆ ಯೋಚನೆ ಮಾಡಿದರೆ ತಪ್ಪು ಹುಡುಗರದ್ದೂ ಅಲ್ಲ. ಈಗ ಮನೆಮನೆಯಲ್ಲಿ ಹೆಸರಿರುವ ಗುಕೇಶ್, ಪ್ರಜ್ಞಾನಂದ, ಅರ್ಜುನ್ ಎರಿಗೈಸಿ ಮೂವರ ಪೈಕಿ ರಾಷ್ಟ್ರೀಯ ಪಟ್ಟ ಸಿಕ್ಕಿದ್ದು ಅರ್ಜುನ್‌ಗೆ ಮಾತ್ರ, 2022ರ ಕಾನ್ಪುರದಲ್ಲಿ. ಅಲ್ಲಿ ಗುಕೇಶ್ ಕೂಡ 11 ಸುತ್ತಿಗೆ 8.5 ಅಂಕ ತೆಗೆದು ಸಮ ನಿಂತಿದ್ದ, ಸಮ ಬಂದವರನ್ನು ಬೇರೆ ಮಾಡುವ ಟೈಬ್ರೇಕ್ ಲೆಕ್ಕದಲ್ಲಿ ಎರಡನೆಯವನಾದ. 2024ರ ಡಿಸೆಂಬರಿನಲ್ಲಿ ಸಿಂಗಪುರದಲ್ಲಿ ವಿಶ್ವ ಚಾಂಪಿಯನ್ ಆದ. ದೇಶ ಗೆಲ್ಲದೆ ಜಗತ್ತು ಗೆದ್ದವ!

ಹಳಬರು ಇದ್ದರೆ ಸ್ವಲ್ಪ ಹೇಳಿ. ಈ ಚಾಂಪಿಯನ್‌ಶಿಪ್ ಶುರುವಾಗಿದ್ದು ಹೇಗೆ, ಒಂದು ಕಾಲದಲ್ಲಿ ಅದಕ್ಕೆ ನಿಜಕ್ಕೂ ತೂಕ ಇತ್ತಾ, ಇದ್ದದ್ದು ಎಲ್ಲಿ ಕಳೆದುಹೋಯಿತು?

ಹಳೇಪ್ಯಾದೆ (ತೀರ್ಥಹಳ್ಳಿ)
ಮೂರು ದಿನದಿಂದ ಮಳೆ ಬಿಟ್ಟಿಲ್ಲ, ತೋಟಕ್ಕೆ ಇಳಿಯುವ ಹಾಗಿಲ್ಲ. ಹಾಗಾಗಿ ಉದ್ದ ಬರೀತೀನಿ, ಓದುವವರು ಓದಿ.

ಅಖಿಲ ಭಾರತ ಚೆಸ್ ಫೆಡರೇಷನ್ ಹುಟ್ಟಿದ್ದು 1951ರಲ್ಲಿ. ಮೊದಲ ರಾಷ್ಟ್ರೀಯ ಚಾಂಪಿಯನ್‌ಶಿಪ್ ನಡೆದದ್ದು 1955ರಲ್ಲಿ. ಎಲ್ಲಿ ಅಂತ ಕೇಳಿದರೆ ಎಲ್ಲರೂ ಮದ್ರಾಸು, ಬೊಂಬಾಯಿ, ಕಲ್ಕತ್ತ ಅಂತಾರೆ. ಅಲ್ಲ, ಆಂಧ್ರದ ಏಲೂರಿನಲ್ಲಿ. ರಾಮಚಂದ್ರ ಸಪ್ರೆ ಮತ್ತು ಡಿ. ವೆಂಕಯ್ಯ ಇಬ್ಬರೂ ಸಮ ಬಂದರು, ಪಟ್ಟ ಇಬ್ಬರಿಗೂ ಹಂಚಿಕೆ ಆಯಿತು. ಶುರುವಿನಲ್ಲಿ ಪ್ರತಿವರ್ಷ ನಡೆಯುತ್ತಲೂ ಇರಲಿಲ್ಲ, ಎರಡು ವರ್ಷಕ್ಕೊಮ್ಮೆ.

ಅದಕ್ಕೂ ಮುಂಚೆ ಅಖಿಲ ಭಾರತ ಮಟ್ಟದ ಸ್ಪರ್ಧೆ ಇರಲಿಲ್ಲ ಅಂತಲ್ಲ. 1928ರಲ್ಲಿ ಮೀರ್ ಸುಲ್ತಾನ್ ಖಾನ್ ಗೆದ್ದ. ಪಂಜಾಬಿನ ಜಮೀನ್ದಾರ ಸರ್ ಉಮರ್ ಹಯಾತ್ ಖಾನ್ ಅವನನ್ನು ಇಂಗ್ಲೆಂಡಿಗೆ ಕರೆದುಕೊಂಡು ಹೋದ. ಅಲ್ಲಿ 1929, 1932, 1933ರಲ್ಲಿ ಬ್ರಿಟಿಷ್ ಚಾಂಪಿಯನ್. ಹೇಸ್ಟಿಂಗ್ಸ್‌ನಲ್ಲಿ ಮಾಜಿ ವಿಶ್ವ ಚಾಂಪಿಯನ್ ಕಾಪಾಬ್ಲಾಂಕನನ್ನೇ ಸೋಲಿಸಿದ. ಆಮೇಲೆ ಊರಿಗೆ ವಾಪಸು ಬಂದು ಬೇಸಾಯಕ್ಕೆ ನಿಂತ, ದೊಡ್ಡ ಆಟ ಅಲ್ಲಿಗೇ ನಿಂತಿತು. ವಿಶ್ವ ಚೆಸ್ ಸಂಸ್ಥೆ ಫಿಡೆ ಅವನಿಗೆ ಗೌರವ ಗ್ರ್ಯಾಂಡ್‌ಮಾಸ್ಟರ್ (ಚೆಸ್‌ನ ಅತಿ ದೊಡ್ಡ ಬಿರುದು) ಪಟ್ಟ ಕೊಟ್ಟಿದ್ದು 2024ರಲ್ಲಿ. ಅವ ಸತ್ತು ಅರ್ಧ ಶತಮಾನ ದಾಟಿದ ಮೇಲೆ ನೆನಪಾಯಿತು ಅವರಿಗೆ.

ಸುಲ್ತಾನ್ ಖಾನ್ ಕಲಿತದ್ದು ನಾಟಿ ಆಟ. ಪ್ಯಾದೆಗೆ ಮೊದಲ ನಡೆಯಲ್ಲಿ ಎರಡು ಮನೆ ಹಾರುವ ಹಕ್ಕಿಲ್ಲ, ಒಂದೇ ಮನೆ. ಈಗಿನ ಹಾಗೆ ಕೋಟೆ ಕಟ್ಟುವುದಿಲ್ಲ, ಬದಲಿಗೆ ರಾಜ ಒಂದು ಸಲ ಕುದುರೆಯ ಹಾಗೆ ಜಿಗಿಯಬಹುದು. ಪ್ಯಾದೆ ಕೊನೆಗೆ ಮುಟ್ಟಿದರೆ ಬೇಕಾದ ಕಾಯಿ ಆಗುವುದಿಲ್ಲ, ಯಾವ ಸಾಲಿನಲ್ಲಿ ಹೋಗಿ ಮುಟ್ಟಿತೋ ಆ ಮನೆಯ ಕಾಯಿ. ಊರಿಂದ ಊರಿಗೆ ಇದರಲ್ಲೂ ವ್ಯತ್ಯಾಸ. ಹೀಗೆ ಆಡುತ್ತಿದ್ದ ದೇಶವನ್ನು ಅಂತರರಾಷ್ಟ್ರೀಯ ನಿಯಮಕ್ಕೆ ಎಳೆದು ತಂದದ್ದರಲ್ಲಿ ಮ್ಯಾನುಯೆಲ್ ಆರನ್ ಪಾತ್ರ ದೊಡ್ಡದು.

ಆರನ್ ಮೊದಲ ಸಲ ಗೆದ್ದದ್ದು 1959ರಲ್ಲಿ, ಕೊನೆಯ ಸಲ 1981ರಲ್ಲಿ. ಒಟ್ಟು 9 ಸಲ. ನಡುವೆ 1969ರಿಂದ 1973ರವರೆಗೆ ಮೂರು ಚಾಂಪಿಯನ್‌ಶಿಪ್ ಸಾಲಾಗಿ ಅವರದ್ದೇ. 1961ರಲ್ಲಿ ಆಸ್ಟ್ರೇಲಿಯದ ಸೆಸಿಲ್ ಪರ್ಡಿಯನ್ನು 3-0ಯಿಂದ ಮಣಿಸಿ ದೇಶದ ಮೊದಲ ಇಂಟರ್‌ನ್ಯಾಷನಲ್ ಮಾಸ್ಟರ್ (ಗ್ರ್ಯಾಂಡ್‌ಮಾಸ್ಟರ್‌ಗಿಂತ ಒಂದು ಮೆಟ್ಟಿಲು ಕೆಳಗಿನ ಬಿರುದು) ಆದರು. ಅರ್ಜುನ ಪ್ರಶಸ್ತಿ ಶುರುವಾದ ವರ್ಷವೇ ಅವರಿಗೆ ಬಂತು. ವಿಶ್ವ ಪಟ್ಟದ ಅರ್ಹತಾ ಟೂರ್ನಿಯಾದ 1962ರ ಸ್ಟಾಕ್‌ಹೋಮ್ ಇಂಟರ್‌ಜೋನಲ್‌ನಲ್ಲಿ ಪಟ್ಟಿಯ ತಳದಲ್ಲಿ ಇದ್ದರು ನಿಜ, ಆದರೆ ಹಂಗೆರಿಯ ಪೋರ್ಟಿಶ್ ಮತ್ತು ಪೂರ್ವ ಜರ್ಮನಿಯ ಊಲ್ಮನ್ ಇಬ್ಬರೂ ಅವರ ಕೈಲಿ ಸೋತರು. ಆಗ ರಾಷ್ಟ್ರೀಯ ಚಾಂಪಿಯನ್ ಅಂದರೆ ಭಾರತದ ಚೆಸ್ಸೇ ಅದು. ಅದರಾಚೆ ಇನ್ನೊಂದು ಏಣಿ ಇರಲಿಲ್ಲ.

ಹೊಸನಗರ ಹೈದ
ಪ್ಯಾದೆ ಮುಟ್ಟಿದ ಮನೆಯ ಕಾಯಿ ಆಗೋ ರೂಲು ನಮ್ಮಜ್ಜ ಸಾಯೋವರೆಗೂ ಬಿಡಲಿಲ್ಲ ಮಾರಾಯ್ರೆ. ನಾನು ಶಾಲೆಯಲ್ಲಿ ಕಲಿತುಕೊಂಡು ಬಂದು ಕುದುರೆ ಸಾಲಿನಲ್ಲಿ ಪ್ಯಾದೆ ಮುಟ್ಟಿಸಿ ಮಂತ್ರಿ ಇಟ್ಟೆ. ಅಜ್ಜ ಮಂತ್ರಿ ತೆಗೆದು ಪಕ್ಕಕ್ಕಿಟ್ಟು ಕುದುರೆ ತಂದು ಕೂರಿಸಿದರು. ನಾನು ಮತ್ತೆ ಮಂತ್ರಿ ಇಟ್ಟೆ. ಕವಳದ ತಟ್ಟೆ ಹಾರಿತು. ಅಜ್ಜಿ ಒಳಗಿಂದ ಬಂದು ಮಣೆಯನ್ನೇ ಎತ್ತಿಕೊಂಡು ಹೋದರು. ಫಲಿತಾಂಶ ಇವತ್ತಿಗೂ ಘೋಷಣೆ ಆಗಿಲ್ಲ.

ಗಿರಿಜಾ ಟೀಚರ್ (ಸಾಗರ)
ಎಲ್ಲರೂ ಗಂಡಸರ ಪಟ್ಟಿಯನ್ನೇ ಓದುತ್ತಿದ್ದೀರಿ. ಮೊದಲ ರಾಷ್ಟ್ರೀಯ ಮಹಿಳಾ ಚಾಂಪಿಯನ್‌ಶಿಪ್ ನಡೆದದ್ದು ನಮ್ಮ ಬೆಂಗಳೂರಿನಲ್ಲೇ, 1974ರಲ್ಲಿ. ಗೆದ್ದವರು ವಾಸಂತಿ ಖಾಡಿಲ್ಕರ್. ಬೊಂಬಾಯಿಯ ಆ ಮನೆಯ ಮೂವರು ಅಕ್ಕತಂಗಿಯರು, ವಾಸಂತಿ, ಜಯಶ್ರೀ, ರೋಹಿಣಿ, ಮುಂದಿನ ಹತ್ತು ವರ್ಷ ಬೇರೆಯವರಿಗೆ ಸುಲಭಕ್ಕೆ ಜಾಗ ಬಿಡಲಿಲ್ಲ.

ಅದಕ್ಕಿಂತ ಮುಖ್ಯವಾದದ್ದು 1976. ರೋಹಿಣಿ ಪುರುಷರ ರಾಷ್ಟ್ರೀಯ ಚಾಂಪಿಯನ್‌ಶಿಪ್‌ನಲ್ಲಿ ಆಡಲು ಹೊರಟರು. ಆಗ ಅವರಿಗೆ ಹದಿಮೂರು ವರ್ಷ. ಹುಡುಗಿ ಇಲ್ಲಿ ಆಡಬಾರದು ಅಂತ ದೊಡ್ಡ ಗಲಾಟೆ ಎದ್ದಿತು, ವಿಷಯ ಹೈಕೋರ್ಟಿಗೆ ಹೋಯಿತು. ಕೊನೆಗೆ ಫಿಡೆ ಅಧ್ಯಕ್ಷರಾಗಿದ್ದ ಮ್ಯಾಕ್ಸ್ ಯೂವೆ, ಹೆಂಗಸರು ಅನ್ನುವ ಕಾರಣಕ್ಕೆ ಯಾರನ್ನೂ ರಾಷ್ಟ್ರೀಯ, ಅಂತರರಾಷ್ಟ್ರೀಯ ಚಾಂಪಿಯನ್‌ಶಿಪ್‌ನಿಂದ ಹೊರಗಿಡುವ ಹಾಗಿಲ್ಲ ಅಂತ ತೀರ್ಮಾನ ಕೊಟ್ಟರು. ಭಾರತದ ಒಂದು ರಾಷ್ಟ್ರೀಯ ಚಾಂಪಿಯನ್‌ಶಿಪ್‌ನ ಜಗಳದಿಂದ ಇಡೀ ಜಗತ್ತಿನ ಹೆಣ್ಣುಮಕ್ಕಳಿಗೆ ಬಾಗಿಲು ತೆರೆಯಿತು. ಈ ಪಟ್ಟಕ್ಕೆ ಬೆಲೆ ಇತ್ತಾ ಅಂತ ಕೇಳಿದಿರಲ್ಲ, ಬೆಲೆ ಇಲ್ಲದಿದ್ದರೆ ಯಾರು ಕೋರ್ಟಿಗೆ ಹೋಗುತ್ತಿದ್ದರು?

ನಮ್ಮ ಶಾಲೆಯಲ್ಲಿ ಆರನೇ ಕ್ಲಾಸಿನವರೆಗೆ ಹುಡುಗಿಯರೇ ಮುಂದೆ. ಎಂಟನೇ ಕ್ಲಾಸು ಮುಟ್ಟಿದ ಮೇಲೆ ತಾಲ್ಲೂಕು ಮಟ್ಟಕ್ಕೆ ಕಳಿಸಿ ಅಂದರೆ, ಬಸ್ಸು ಕತ್ತಲಾದ ಮೇಲೆ ಬರುತ್ತದೆ, ಬೇಡ ಅಂತಾರೆ. 2025ರಲ್ಲಿ ದಿವ್ಯಾ ದೇಶ್‌ಮುಖ್ ಮಹಿಳಾ ವಿಶ್ವಕಪ್ ಗೆದ್ದ ಮೇಲೆ ಇಬ್ಬರು ಅಪ್ಪಂದಿರು ಮನಸ್ಸು ಬದಲಿಸಿದ್ದಾರೆ. ಬಸ್ಸಿನ ವೇಳೆ ಮಾತ್ರ ಬದಲಾಗಿಲ್ಲ.

ಎಲೋಲೆಕ್ಕ (ಊರು ಭದ್ರಾವತಿ, ಈಗ ಬೆಂಗಳೂರು)
ದೊಡ್ಡವರು ಯಾಕೆ ಆಡಲ್ಲ ಅನ್ನೋದಕ್ಕೆ ಭಾವನೆ ಬೇಡ, ಲೆಕ್ಕ ಸಾಕು.

2700 ರೇಟಿಂಗ್ (ಆಟಗಾರನ ಬಲ ಅಳೆಯುವ ಅಂಕಿ) ಇರುವವ 2300 ಇರುವವನ ಎದುರು ಕೂತರೆ ಅವನಿಂದ ನಿರೀಕ್ಷೆ ಮಾಡುವ ಅಂಕ 0.92. ಅವರ ಮಟ್ಟದಲ್ಲಿ ಕೆ ಅಂಶ, ಅಂದರೆ ಒಂದು ಆಟಕ್ಕೆ ರೇಟಿಂಗ್ ಎಷ್ಟು ಏರಿಳಿಯಬಹುದು ಅನ್ನೋ ಗುಣಕ, 10. ಗೆದ್ದರೆ ಸಿಗೋದು 0.8. ಡ್ರಾ ಆದರೆ ಹೋಗೋದು 4.2. ಅಂದರೆ ಒಂದು ಡ್ರಾ ಮಾಡಿಕೊಂಡರೆ, ಅದೇ ಮಟ್ಟದ ಐವರನ್ನು ಹೊಡೆದರೂ ನಷ್ಟ ಪೂರ್ತಿ ತುಂಬಲ್ಲ. ಸೋತರೆ 9.2 ಹೋಯ್ತು. ನಮ್ಮ 2300ರ ಹುಡುಗರು ಈಗ ಎಂಜಿನ್ (ಚೆಸ್ ಆಡುವ ಕಂಪ್ಯೂಟರ್ ಪ್ರೋಗ್ರಾಂ) ಇಟ್ಟುಕೊಂಡು ತಯಾರಾಗಿ ಬರ್ತಾರೆ, ಬಿಳಿಕಾಯಿ ಸಿಕ್ಕರೆ ಡ್ರಾ ಮಾಡೋದು ಅಂಥ ಕಷ್ಟವೇನಲ್ಲ. ವಿಶ್ವ ಚಾಂಪಿಯನ್‌ಗೆ ಎದುರಾಳಿಯನ್ನು ಆರಿಸುವ ಕ್ಯಾಂಡಿಡೇಟ್ಸ್ ಟೂರ್ನಿಯ ಜಾಗ, ದೊಡ್ಡ ಟೂರ್ನಿಗಳ ಆಹ್ವಾನ, ಎಲ್ಲದರಲ್ಲೂ ರೇಟಿಂಗ್ ನೋಡ್ತಾರೆ. ಅಡಿಕೆ ಧಾರಣೆ ಏರಿದ್ದಾಗ ಯಾರಾದರೂ ರಾಶಿ ಅಡಿಕೆ ತಗೊಂಡು ಹೋಗಿ ಚಾಲಿ ಬೆಲೆಗೆ ಕೊಟ್ಟು ಬರ್ತಾರಾ?

ಆನಂದ್ ಕೂಡ ಹಂಗೇ ಮಾಡಿದ್ದು. 1986, 87, 88ರಲ್ಲಿ ಮೂರು ಸಲ ಗೆದ್ದರು, ದೇಶದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದರು, ಆಮೇಲೆ ಈ ಕಡೆ ತಿರುಗಿ ನೋಡಲಿಲ್ಲ. ಯಾರೂ ಅವರನ್ನ ಬೈಯಲಿಲ್ಲ.

ಹಳೇಪ್ಯಾದೆ
ಲೆಕ್ಕ ಸರಿ ಇದೆ. ಆದರೆ ಆನಂದ್ ಬಿಟ್ಟು ಹೋದ ಮೇಲೂ ಅದರ ತೂಕ ಇಳಿಯಲಿಲ್ಲ ನೋಡಿ, ಯಾಕೆಂದರೆ ರಚನೆಯೇ ಬೇರೆ ಇತ್ತು.

ಎರಡು ಹಂತ: ನ್ಯಾಷನಲ್ ಬಿ, ನ್ಯಾಷನಲ್ ಎ. ಬಿಯಲ್ಲಿ ನೂರಾರು ಜನ, ಸ್ವಿಸ್ ಪದ್ಧತಿ, ಅಂದರೆ ಪ್ರತಿ ಸುತ್ತಿನಲ್ಲೂ ಹೆಚ್ಚುಕಡಿಮೆ ಸಮ ಅಂಕ ಇರುವವರಿಗೆ ಜೋಡಿ ಹಾಕೋದು. ಅಲ್ಲಿ ಮೇಲೆ ಬಂದ ಬೆರಳೆಣಿಕೆಯವರಿಗೆ ಮಾತ್ರ ಎ. ಅಲ್ಲಿ ಎಲ್ಲರೂ ಎಲ್ಲರ ಜೊತೆ ಆಡಬೇಕು. ಎದುರಾಳಿ ಯಾರು ಅನ್ನುವುದಕ್ಕೆ ಅದೃಷ್ಟದ ಮಾತೇ ಇಲ್ಲ. ಅದರಲ್ಲಿ ಮೊದಲು ಬಂದವ ನಿಜಕ್ಕೂ ಎಲ್ಲರನ್ನೂ ಎದುರಿಸಿ ಬಂದವ.

ಪ್ರವೀಣ್ ತಿಪ್ಸೆಯನ್ನೇ ತಗೊಳ್ಳಿ. 7 ಸಲ ರಾಷ್ಟ್ರೀಯ ಚಾಂಪಿಯನ್, ಕೊನೆಯ ಮೂರು 1992, 93, 94ರಲ್ಲಿ ಸತತವಾಗಿ. ಆದರೆ ಗ್ರ್ಯಾಂಡ್‌ಮಾಸ್ಟರ್ ಪಟ್ಟ ಪೂರ್ತಿಯಾದದ್ದು 1997ರಲ್ಲಿ, ಆನಂದ್ ಮತ್ತು ದಿಬ್ಯೇಂದು ಬರುವಾ ಆದ ಮೇಲೆ ದೇಶದ ಮೂರನೆಯವರಾಗಿ. ಆ ಕಾಲದಲ್ಲಿ ನಾರ್ಮ್ (ಆ ಪಟ್ಟಕ್ಕೆ ಬೇಕಾದ ಟೂರ್ನಿ ಸಾಧನೆ) ಬೇಕೆಂದರೆ ಯುರೋಪಿಗೆ ಹೋಗಬೇಕು, ಹೋಗಲು ದುಡ್ಡು ಬೇಕು, ಡಾಲರ್ ಕೊಳ್ಳಲೂ ಸರ್ಕಾರದ ಅನುಮತಿ ಬೇಕು. ಹಾಗಾಗಿ ಇಲ್ಲಿನ ಎ ಟೂರ್ನಿಯೇ ಎಲ್ಲ. ಈಗ ದೇಶದ ಗ್ರ್ಯಾಂಡ್‌ಮಾಸ್ಟರ್‌ಗಳ ಸಂಖ್ಯೆ 80 ದಾಟಿದೆ.

ನ್ಯಾಷನಲ್ ಬಿಗೆ ನಾನೂ ಹೋದವನೇ. ತೀರ್ಥಹಳ್ಳಿಯಿಂದ ಬಸ್ಸು, ಶಿವಮೊಗ್ಗದಿಂದ ರೈಲು, ಆಮೇಲೆ ಇನ್ನೊಂದು ರೈಲು. ಕಾಯಿಗಳನ್ನು ಬಟ್ಟೆಯ ಚೀಲದಲ್ಲಿ ಹಾಕಿಕೊಂಡು, ಮಣೆ ಸುತ್ತಿ ಹಾಸಿಗೆ ಚೀಲದಲ್ಲಿ ಇಟ್ಟುಕೊಂಡು. ಮಲಗಿದ್ದು ಒಂದು ಕಲ್ಯಾಣ ಮಂಟಪದ ಜಮಖಾನದ ಮೇಲೆ. ರಾತ್ರಿ ಅಡ್ಜರ್ನ್ ಆದ ಆಟವನ್ನು ನಾಲ್ಕೈದು ಜನ ಸುತ್ತ ಕೂತು ಬಿಡಿಸುತ್ತಿದ್ದೆವು. ಅವತ್ತಿನ ಆಟ ನಿಲ್ಲಿಸುವಾಗ ಮುಂದಿನ ನಡೆಯನ್ನು ಬರೆದು ಲಕೋಟೆಯಲ್ಲಿ ಮುಚ್ಚಿಟ್ಟು ಆರ್ಬಿಟರ್ ಕೈಗೆ ಕೊಡಬೇಕು. ಎದುರಾಳಿ ಲಕೋಟೆಯಲ್ಲಿ ಏನು ಬರೆದಿದ್ದಾನೆ ಅಂತ ರಾತ್ರಿಯಿಡೀ ತಲೆ ಕೆಡಿಸಿಕೊಳ್ಳೋದು. ಒಮ್ಮೆ ನಮ್ಮ ಗುಂಪಿನ ಯಾರೂ ಅಂದುಕೊಳ್ಳದ ನಡೆ ಹೊರಬಂತು. ನಿದ್ದೆಗೆಟ್ಟದ್ದೂ ದಂಡ, ಆಟವೂ ಹೋಯ್ತು. ಎಂಜಿನ್ ಬಂದ ಮೇಲೆ ಈ ಅಡ್ಜರ್ನ್ ಪದ್ಧತಿಯೇ ನಿಂತುಹೋಯಿತು, ನಿಲ್ಲಲೇಬೇಕಿತ್ತು.

ಆಮೇಲೆ ಬಿ ಚಾಲೆಂಜರ್ಸ್ ಆಯಿತು, ಎ ಪ್ರೀಮಿಯರ್ ಆಯಿತು, ಕೊನೆಗೆ ಎರಡನ್ನೂ ಸೇರಿಸಿ ಒಂದೇ ಸ್ವಿಸ್ ಟೂರ್ನಿ ಮಾಡಿದರು. ನನ್ನ ಪ್ರಕಾರ ತೂಕ ಹೋದದ್ದು ಆವತ್ತು.

ಎಲೋಲೆಕ್ಕ
ಒಪ್ಪಲ್ಲ. ಹಳೇ ರಚನೆಯಲ್ಲಿ ತೀರ್ಥಹಳ್ಳಿಯ ಹುಡುಗನಿಗೆ ಎ ಆಟಗಾರನ ಎದುರು ಕೂರುವ ಅವಕಾಶ ಎಷ್ಟು ಸಲ ಸಿಕ್ಕಿತು ಹೇಳಿ? ಸ್ವಿಸ್‌ನಲ್ಲಿ ಮೊದಲ ಸುತ್ತಿನಲ್ಲೇ ಗ್ರ್ಯಾಂಡ್‌ಮಾಸ್ಟರ್ ಸಿಗ್ತಾನೆ. ಸೋತರೂ ಆ ಆಟದ ಸ್ಕೋರ್‌ಶೀಟ್ ಮನೆಗೆ ಬರುತ್ತೆ. ಹದಿನಾಲ್ಕು ಜನ ಬಾಗಿಲು ಹಾಕಿಕೊಂಡು ಆಡೋದನ್ನು ರಾಷ್ಟ್ರೀಯ ಅನ್ನೋದಕ್ಕಿಂತ ಇದು ಮೇಲು.

ಹಳೇಪ್ಯಾದೆ
ಅವಕಾಶ ಬೇರೆ, ಪಟ್ಟ ಬೇರೆ. ಅವಕಾಶಕ್ಕೆ ಬಿ ಇತ್ತಲ್ಲ.

ತುಂಗಾದಂಡೆ
ನನಗೆ ಸ್ವಿಸ್ ಮೇಲೆ ತಕರಾರು ಇರುವುದು ಬೇರೆ ಕಡೆ. 1955ರಲ್ಲಿ ಇಬ್ಬರು ಸಮ ಬಂದಾಗ ಪಟ್ಟ ಹಂಚಿದರು. 2024ರಲ್ಲಿ ಗುರುಗ್ರಾಮದಲ್ಲಿ ಕಾರ್ತಿಕ್ ವೆಂಕಟರಾಮನ್, ಸೂರ್ಯಶೇಖರ ಗಂಗೂಲಿ, ನೀಲಾಶ್ ಸಾಹಾ ಮೂವರೂ 11ಕ್ಕೆ 9 ಅಂಕ. ಚಾಂಪಿಯನ್ ಕಾರ್ತಿಕ್, ಟೈಬ್ರೇಕ್ ಲೆಕ್ಕದ ಮೇಲೆ. 2022ರ ಕಾನ್ಪುರದಲ್ಲೂ ಅದೇ ಕಥೆ.

ಹೊಸಬರಿಗೆ: ಸ್ವಿಸ್ ಟೂರ್ನಿಗಳಲ್ಲಿ ಹೆಚ್ಚಾಗಿ ಬಳಸುವ ಟೈಬ್ರೇಕ್ ಬುಖ್‌ಹೋಲ್ಜ್. ನೀವು ಯಾರ ಯಾರ ಜೊತೆ ಆಡಿದಿರೋ ಅವರೆಲ್ಲ ಕೊನೆಗೆ ತೆಗೆದ ಅಂಕಗಳ ಮೊತ್ತ ಅದು. ಗಟ್ಟಿ ಎದುರಾಳಿಗಳನ್ನು ಎದುರಿಸಿದವನಿಗೆ ಲಾಭ ಅನ್ನುವ ತರ್ಕ. ಆದರೆ ಕೊನೆಯ ಸುತ್ತಿನಲ್ಲಿ ಏನಾಗುತ್ತೆ ಗೊತ್ತಾ? ನಿಮ್ಮ ಆಟ ಮುಗಿದು ಕೈಕುಲುಕಿ ಎದ್ದಾಗಿದೆ. ಮೂರನೇ ಸುತ್ತಿನಲ್ಲಿ ನೀವು ಸೋಲಿಸಿದ ಯಾರೋ ಒಬ್ಬ ದೂರದ ಟೇಬಲ್‌ನಲ್ಲಿ ಆನೆ-ಪ್ಯಾದೆ ಅಂತಿಮ ಹಂತ ಆಡ್ತಾ ಕೂತಿದ್ದಾನೆ. ಅವ ಗೆದ್ದರೆ ನೀವು ಚಾಂಪಿಯನ್, ಡ್ರಾ ಆದರೆ ಎರಡನೆಯವರು. ನೀರು ಕುಡಿಯುವ ನೆಪದಲ್ಲಿ ಅವನ ಟೇಬಲ್ ಸುತ್ತ ಸುತ್ತುತ್ತಾ ಇರಬೇಕು. ಜಿಲ್ಲಾ ಟೂರ್ನಿಯಲ್ಲಿ ಇದನ್ನು ನೋಡಿ ನೋಡಿ ಸಾಕಾಗಿದೆ. ರಾಷ್ಟ್ರೀಯ ಪಟ್ಟಕ್ಕೆ ಎರಡು ರ್‍ಯಾಪಿಡ್ ಆಟದ ಪ್ಲೇಆಫ್ ಇಡೋಕೆ ಎಂತ ಕಷ್ಟ?

ಇನ್ನು ಗಂಗೂಲಿ. 2003ರಿಂದ 2008ರವರೆಗೆ ಸತತ 6 ಸಲ ಚಾಂಪಿಯನ್. 2008ರಲ್ಲಿ ಬಾನ್‌ನ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಆನಂದ್ ಕ್ರಾಮ್ನಿಕ್‌ನನ್ನು ಸೋಲಿಸಿದಾಗ ತೆರೆಯ ಹಿಂದೆ ತಯಾರಿ ಮಾಡಿಕೊಟ್ಟವರಲ್ಲಿ ಒಬ್ಬರು. ಅದೇ ಮನುಷ್ಯ 41ನೇ ವಯಸ್ಸಿನಲ್ಲಿ ಬಂದು ತನ್ನ ಅರ್ಧ ವಯಸ್ಸಿನವರ ಜೊತೆ ಹನ್ನೊಂದು ಸುತ್ತು ಆಡಿ ಸಮ ನಿಂತರು. ಪಟ್ಟಕ್ಕೆ ಬೆಲೆ ಇಲ್ಲ ಅಂದವರು ಇದನ್ನು ನೋಡಬೇಕಿತ್ತು. ಹೌದು, ಈ ಚರ್ಚೆ ಶುರು ಮಾಡಿದವನೂ ಸೇರಿ.

ಕುದುರೆಮುಖ
ವಿಷಯಾಂತರ: ಚದುರಂಗದ ಮಾತು ಬಂದಾಗ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಬಿಡಬೇಡಿ. 64 ಮನೆಯನ್ನೂ ಕುದುರೆ ಒಂದೊಂದೇ ಸಲ ಮುಟ್ಟುವ ಹಾಗೆ ನಡೆಸಿ, ಆ ನಡೆಯ ಅಂಕೆಗಳಲ್ಲಿ ಅಡ್ಡ, ಉದ್ದ ಎಲ್ಲ ಸಾಲುಗಳ ಮೊತ್ತ ಒಂದೇ ಬರುವ ಚೌಕ ಮೂಡಿಸಿದವರು. ಟೂರ್ನಿ ಇಲ್ಲದ ಕಾಲದಲ್ಲೂ ನಮ್ಮಲ್ಲಿ ಚೆಸ್ ಇತ್ತು.

ಹೊಸನಗರ ಹೈದ
ಅವರ ಕುದುರೆಯೂ ನಮ್ಮಜ್ಜನ ಕುದುರೆ ಹಂಗೇ, ಯಾರ ಮಾತೂ ಕೇಳಲ್ಲ.

ಭದ್ರಾವತಿ ಪೇಪರ್‌ಟೌನ್
ನಮ್ಮ ರಾಜ್ಯದ ಮಾತು ಯಾರೂ ಎತ್ತಲಿಲ್ಲ. ತಮಿಳುನಾಡಿಗೆ ಮೊದಲ ಗ್ರ್ಯಾಂಡ್‌ಮಾಸ್ಟರ್ 1988ರಲ್ಲಿ. ಕರ್ನಾಟಕಕ್ಕೆ ಮೈಸೂರಿನ ಎಂ.ಎಸ್. ತೇಜ್‌ಕುಮಾರ್, 2017ರಲ್ಲಿ. ಅವರೂ ರೈಲ್ವೆ ನೌಕರಿ ಮಾಡಿಕೊಂಡು ಆಡಿದವರು. ಆಮೇಲೆ ನಮ್ಮ ಜಿಲ್ಲೆಯವರೇ ಆದ ಜಿ.ಎ. ಸ್ಟಾನಿ ಗ್ರ್ಯಾಂಡ್‌ಮಾಸ್ಟರ್ ಆದರು. ನಮ್ಮ ಊರಿನ ಹುಡುಗರಿಗೆ ಇನಿಯನ್ ಗೊತ್ತಿಲ್ಲದಿದ್ದರೆ ಪರವಾಗಿಲ್ಲ, ಸ್ಟಾನಿ ಗೊತ್ತಿಲ್ಲ ಅಂದರೆ ಬೇಜಾರು.

ಅಂತರ ಯಾಕೆ ಇಷ್ಟು ಅಂದರೆ ನನಗೆ ಕಾಣೋದು ಒಂದೇ ಕಾರಣ: ಜಾಗ. 1972ರಲ್ಲಿ ಮದ್ರಾಸಿನ ಸೋವಿಯತ್ ಸಾಂಸ್ಕೃತಿಕ ಕೇಂದ್ರದಲ್ಲಿ ತಾಲ್ ಚೆಸ್ ಕ್ಲಬ್ ಶುರುವಾಯಿತು, ಅದರ ಹಿಂದೆ ಇದ್ದವರು ಆರನ್ನೇ. ರಷ್ಯನ್ ಪುಸ್ತಕ, ಪತ್ರಿಕೆ, ಗಡಿಯಾರ, ಮತ್ತೆ ಮುಖ್ಯವಾಗಿ ಸಂಜೆ ಹೋದರೆ ಗ್ಯಾರಂಟಿ ಸಿಗುವ ಎದುರಾಳಿ. ಹುಡುಗ ಆನಂದ್ ಬೆಳೆದದ್ದು ಅಲ್ಲಿ. ಒಂಬತ್ತು ಸಲ ಚಾಂಪಿಯನ್ ಆದವ ಪಟ್ಟ ಕಟ್ಟಿಕೊಂಡು ಮನೆಯಲ್ಲಿ ಕೂರಲಿಲ್ಲ, ಬಾಗಿಲು ತೆರೆದಿಟ್ಟ. ನನ್ನ ಲೆಕ್ಕದಲ್ಲಿ ಹಳೇ ರಾಷ್ಟ್ರೀಯ ಪಟ್ಟದ ಬೆಲೆ ಅದು. ನಮ್ಮಲ್ಲಿ ಕಾರ್ಖಾನೆಯ ಕ್ಲಬ್ಬಿನಲ್ಲಿ ಶಿಫ್ಟ್ ಮುಗಿಸಿ ಬಂದವರು ಆಡೋರು. ಕಾರ್ಖಾನೆ ನಿಂತಿತು, ಮಣೆಗಳು ಎಲ್ಲಿ ಹೋದವೋ.

ಶೃಂಗೇರಿ ಅಮ್ಮ
ಎರಡು ದಿನದಿಂದ ಓದುತ್ತಿದ್ದೇನೆ, ಇವತ್ತು ಬರೆಯುವ ಧೈರ್ಯ ಮಾಡಿದೆ. ಮಗನಿಗೆ ಹನ್ನೆರಡು. ರಾಜ್ಯ ಆಯ್ಕೆ ಟೂರ್ನಿ ಮೂಲಕ ರಾಷ್ಟ್ರೀಯಕ್ಕೆ ಪ್ರಯತ್ನ ಮಾಡಿಸುವುದಾ, ಇಲ್ಲ ಆ ದುಡ್ಡಿನಲ್ಲಿ ರೇಟಿಂಗ್ ಟೂರ್ನಿಗಳನ್ನು ಆಡಿಸುವುದಾ? ಅವನ ಕೋಚ್ ಆನ್‌ಲೈನ್‌ನಲ್ಲಿ ಇದ್ದಾರೆ, ಹೊರದೇಶದ ಓಪನ್‌ಗೇ ನೇರ ಹೋಗಿ ಅಂತಾರೆ. ನಮ್ಮಲ್ಲಿ ಮಳೆಗಾಲದಲ್ಲಿ ಕರೆಂಟು ಹೋದರೆ ಕ್ಲಾಸೇ ಇಲ್ಲ, ಹೊರದೇಶ ಎಲ್ಲಿಂದ ಬಂತು.

ಎಲೋಲೆಕ್ಕ
ಅಕ್ಕಾ, ಹೊರದೇಶ ಈಗ ಬೇಡವೇ ಬೇಡ. ಹತ್ತಿರದ ರೇಟಿಂಗ್ ಟೂರ್ನಿ ಆಡಲಿ. ಚಿಕ್ಕ ವಯಸ್ಸಿನವರಿಗೆ ಕೆ ಅಂಶ 40, ಗೆದ್ದರೆ ಬೇಗ ಏರ್ತಾನೆ. ಸೋತರೂ ಅಷ್ಟೇ ಬೇಗ ಇಳೀತಾನೆ, ಆವಾಗ ಫೋನ್ ಕಿತ್ತುಕೊಳ್ಳಬೇಡಿ. ರಾಜ್ಯ ಆಯ್ಕೆಗೂ ಹೋಗಲಿ. ಅರ್ಹತೆ ಸಿಕ್ಕರೆ ರಾಷ್ಟ್ರೀಯ ಆಡಿಸಿ. ಸಿಗದಿದ್ದರೆ ಹೆಚ್ಚಿನ ಶುಲ್ಕ ಕಟ್ಟಿ ವಿಶೇಷ ಪ್ರವೇಶದಲ್ಲಿ ಹೋಗುವ ದಾರಿಯನ್ನು ಸದ್ಯಕ್ಕೆ ಬಿಡಿ, ಆ ದುಡ್ಡಿಗೆ ಇಲ್ಲಿ ನಾಲ್ಕು ಟೂರ್ನಿ ಆಗುತ್ತೆ.

ಹಳೇಪ್ಯಾದೆ
ಅಮ್ಮಾ, ಬರುವಾ 1978ರಲ್ಲಿ ಹನ್ನೆರಡನೇ ವಯಸ್ಸಿಗೆ ರಾಷ್ಟ್ರೀಯ ಚಾಂಪಿಯನ್‌ಶಿಪ್ ಆಡಿದ್ದ. ಅದನ್ನು ಕೇಳಿ ಮಗನ ಮೇಲೆ ಭಾರ ಹಾಕಬೇಡಿ. ಇನ್ನೊಂದು ಕಥೆಯೂ ಇದೆ. ತಮಿಳುನಾಡಿನ ಜಿ. ಆಕಾಶ್ 2012ರಲ್ಲಿ, ಹದಿನಾರರ ಹುಡುಗ, ದೊಡ್ಡ ದೊಡ್ಡವರನ್ನು ಹಿಂದೆ ಹಾಕಿ ರಾಷ್ಟ್ರೀಯ ಚಾಂಪಿಯನ್ ಆದ. ನಡುವೆ ಎಂಜಿನಿಯರಿಂಗ್ ಓದಿದ. ಗ್ರ್ಯಾಂಡ್‌ಮಾಸ್ಟರ್ ಆದದ್ದು 2020ರಲ್ಲಿ. ಓದಿಗೂ ಆಟಕ್ಕೂ ಜಾಗ ಇದೆ, ಅವಸರ ಬೇಡ. ಕರೆಂಟು ಹೋದಾಗ ಮರದ ಮಣೆ ಹಾಕಿಕೊಂಡು ಹಳೆಯ ಆಟ ಆಡಿ ನೋಡಲಿ. ಆರನ್-ಊಲ್ಮನ್ ಆಟ ಜಾಲದಲ್ಲಿ ಸಿಗುತ್ತೆ, ಬರೆದಿಟ್ಟುಕೊಳ್ಳಲಿ.

ಗಿರಿಜಾ ಟೀಚರ್
ಶೃಂಗೇರಿಯವರೇ, ನಮ್ಮ ಶಾಲೆಯ ಇಬ್ಬರು ಹುಡುಗಿಯರೂ ಅದೇ ವಯಸ್ಸಿನವರು. ಆನ್‌ಲೈನ್‌ನಲ್ಲಿ ಭಾನುವಾರ ಬೆಳಿಗ್ಗೆ ಆಡಿಸೋಣವೇ? ನಿಮ್ಮ ಮಗ ಸೋಲುವುದಕ್ಕೆ ತಯಾರಿದ್ದರೆ ಸಾಕು.

ತುಂಗಾದಂಡೆ
ಹಾಗಾದರೆ ಒಂದು ಪ್ರಸ್ತಾಪ. ದಸರಾ ರಜೆಯಲ್ಲಿ ಶಿವಮೊಗ್ಗದಲ್ಲಿ ಒಂದು ದಿನ ಎಲ್ಲರೂ ಸೇರೋಣ. ಆರು ಜನ, ಎಲ್ಲರೂ ಎಲ್ಲರ ಜೊತೆ, ಹಳೇಪ್ಯಾದೆಯವರ ನ್ಯಾಷನಲ್ ಎ ಥರ. ಉಳಿದವರಿಗೆ ಪಕ್ಕದಲ್ಲೇ ಸ್ವಿಸ್, ಎಲೋಲೆಕ್ಕದವರಿಗಾಗಿ. ಮೊದಲ ಸ್ಥಾನಕ್ಕೆ ಸಮ ಬಂದರೆ ಬುಖ್‌ಹೋಲ್ಜ್ ಇಲ್ಲ, ಪ್ಲೇಆಫ್. ಸಾಗರದ ಕಡೆಯ ಮಕ್ಕಳಿಗೆ ನಾಲ್ಕು ಗಂಟೆಗೆ ಮುಗಿಸಿ ಬಿಡಬೇಕು, ಬಸ್ಸಿನ ಲೆಕ್ಕ ಹಾಕಿಯೇ ಸುತ್ತು ಇಡ್ತೀನಿ.

ಹಳೇಪ್ಯಾದೆ
ಸಮ ಬಂದರೆ ಏಲೂರಿನ ಹಾಗೆ ಹಂಚಿಬಿಡಿ.

ಎಲೋಲೆಕ್ಕ
ಹಂಚೋದು ಬೇಡ, ಪ್ಲೇಆಫೇ ಇರಲಿ. ಗಡಿಯಾರ ಯಾರ ಹತ್ರ ಇದೆ? ನನ್ನ ಹತ್ರ ಡಿಜಿಟಲ್ ಎರಡು ಇದೆ, ಒಂದರ ಬಲಗಡೆ ಗುಂಡಿ ಸ್ವಲ್ಪ ಒತ್ತಿ ಹಿಡಿಯಬೇಕು.

ಹೊಸನಗರ ಹೈದ
ಅಜ್ಜನ ಮಣೆ ತರ್ತೀನಿ. ರೂಲ್ಸು ಮೊದಲೇ ಬರೆದು ಗೋಡೆಗೆ ಅಂಟಿಸಿ.